ಐದನೇ ಭಾಗವನ್ನು ಮತ್ತೆ ನೋಡಿದ ಮಳೆಗಾಲ

ಕಳೆದ ವಾರ ನನ್ನ ಫೋನು ಚಾರ್ಜ್ ಆಗುತ್ತಿಲ್ಲವೆಂದು ಸವಣೂರಿನ ಇರ್ಫಾನನ ಅಂಗಡಿಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಅವನು ಬೆಸುಗೆ ಕಡ್ಡಿ ಕಾಯಿಸಿ ಒಳಗಿನ ತಂತಿಗೆ ಮುಟ್ಟಿಸಿದ. ರಾಳ ಸುಟ್ಟ ಸಣ್ಣ ಹೊಗೆ ಎದ್ದಿತು. ಬಾಗಿಲ ಮೂಲೆಯಲ್ಲಿ ನೀರು ಸೋರುತ್ತಿದ್ದ ಛತ್ರಿಗಳ ವಾಸನೆಯೂ ಅದರೊಂದಿಗೆ ಕೂಡಿದಾಗ ನಾನು ಎದ್ದು ಹೊರಗಿನ ಮೆಟ್ಟಿಲಿಗೆ ಹೋಗಿ ನಿಂತೆ. ಎರಡು ವರ್ಷವಾಯಿತು. ಆದರೂ ಈ ವಾಸನೆ ಬಂದರೆ ಆ ಒಂದು ಮಳೆಗಾಲವೇ ಕಣ್ಣ ಮುಂದೆ ಬರುತ್ತದೆ. ಫೋನು ರಿಂಗಾದರೆ ಎದೆ ಝಲ್ ಎನ್ನುತ್ತಿದ್ದ ಮಳೆಗಾಲ ಅದು.

ಇರ್ಫಾನನ ಅಂಗಡಿಯ ಹಿಂದೆ ಒಂದು ಸಣ್ಣ ಖೋಲಿ ಇದೆ. ಕೆಟ್ಟ ಟಿವಿಗಳ ನಡುವೆ ಒಂದು ಒಳ್ಳೆಯ ಟಿವಿ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ತಿಂಗಳಿಗೆ ಎರಡು ರವಿವಾರ ನಾವು ನಾಲ್ಕು ಮಂದಿ ಸಿನಿಮಾ ನೋಡಲು ಅಲ್ಲಿ ಕೂಡುತ್ತಿದ್ದೆವು. ನಾನು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುವವನು. ಇರ್ಫಾನ್ ಮೊಬೈಲ್ ರಿಪೇರಿಯವನು. ಶಿಗ್ಗಾವಿಯಿಂದ ಬರುವ ಪ್ರಹ್ಲಾದ ವಕೀಲ. ಅವನ ತಂದೆ ಮಠದಲ್ಲಿ ಪ್ರವಚನ ಹೇಳುವವರು, ಮಗ ಕೊಲೆ, ರಕ್ತದ ಸಿನಿಮಾ ನೋಡುತ್ತಾನೆಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ. ನಾಲ್ಕನೆಯವಳು ಮಂಜುಳಾ. ಹಂಸಭಾವಿಯವಳು, ಹಿರೇಕೆರೂರು ಡಿಪೋದಲ್ಲಿ ಬಸ್ ಕಂಡಕ್ಟರ್. ನಮ್ಮ ವಯಸ್ಸು, ಜಾತಿ, ಕೆಲಸ ಯಾವುದೂ ಒಂದಲ್ಲ. ನಮ್ಮನ್ನು ಕೂಡಿಸಿದ್ದು ಒಂದು ಇಂಗ್ಲಿಷ್ ಸಿನಿಮಾ ಸರಣಿ. ಮುಖದ ಮೇಲೆ ಪ್ಲಾಸ್ಟರಿನ ಮುಖವಾಡ ಹಾಕಿದ ಒಬ್ಬ ಮನುಷ್ಯ ಚಾಕು ಹಿಡಿದು ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುತ್ತಾನೆ. ಪ್ರತಿ ಸಲ ಸತ್ತಂತೆ ಕಾಣುತ್ತಾನೆ, ಮುಂದಿನ ಭಾಗದಲ್ಲಿ ಮತ್ತೆ ಎದ್ದು ಬರುತ್ತಾನೆ. ಹನ್ನೊಂದು ಭಾಗ ಬಂದಿವೆ. ಇರ್ಫಾನ್ ಅವನಿಗೆ ಸುಣ್ಣಪ್ಪ ಎಂದು ಹೆಸರಿಟ್ಟಿದ್ದ. ಮೊದಲನೇ ಭಾಗದಲ್ಲಿ ಸುಣ್ಣಪ್ಪನ ಕೈಯಿಂದ ತಪ್ಪಿಸಿಕೊಂಡು ಉಳಿದ ಹುಡುಗಿಯ ಹೆಸರು ಮಾರ್ತಾ.

ಮೊದಲ ನಾಲ್ಕು ಭಾಗಗಳ ಬಗ್ಗೆ ಅಭಿಮಾನಿಗಳಲ್ಲಿ ಜಗಳವಿಲ್ಲ. ಜಗಳವೆಲ್ಲ ಐದರಿಂದ ಎಂಟರವರೆಗಿನವುಗಳ ಬಗ್ಗೆ. ಅದರಲ್ಲೂ ಐದನೆಯದರ ಬಗ್ಗೆ. ಅದರಲ್ಲಿ ಮಾರ್ತಾಗೆ ನಲವತ್ತು ವರ್ಷ. ಬೇರೆ ಊರಿನ ಒಂದು ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಕೆಲಸ. ಸುಣ್ಣಪ್ಪ ಬರುವುದು ಕೊನೆಯ ಹತ್ತು ನಿಮಿಷ ಮಾತ್ರ, ಅದೂ ನಿಜವಾಗಿ ಬಂದನೋ ಆಕೆಗೆ ಹಾಗೆ ಅನಿಸಿತೋ ಹೇಳುವುದು ಕಷ್ಟ. ಉಳಿದ ಒಂದೂವರೆ ತಾಸು ಆಕೆ ಬಾಗಿಲು ಹಾಕುತ್ತಾಳೆ, ಚಿಲಕ ನೋಡುತ್ತಾಳೆ, ಬಾಗಿಲಿಗೆ ಕುರ್ಚಿ ಆನಿಸುತ್ತಾಳೆ.

ನಮಗೊಂದು ಸಣ್ಣ ಯೂಟ್ಯೂಬ್ ಚಾನೆಲ್ ಇತ್ತು. ಕನ್ನಡದಲ್ಲಿ ಇಂಥ ಸಿನಿಮಾಗಳ ಬಗ್ಗೆ ಮಾತಾಡುತ್ತಿದ್ದೆವು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ನಾನು ಐದನೇ ಭಾಗವನ್ನು ಆಡಿಕೊಂಡು ನಕ್ಕ ವಿಡಿಯೋ. "ಮಾರ್ತವ್ವ ಬಾಗಲಕ್ಕ ಆನಿಸಿದ ಕುರ್ಚಿ ಎಣಿಸಿದ್ರ ಒಂದು ಮದುವಿಗೆ ಸಾಕಾಗ್ತಾವು" ಎಂದಿದ್ದೆ. ಆ ಮಾತು ಜನರಿಗೆ ಬಹಳ ಹಿಡಿಸಿತು. ಕಾಲೇಜಿನ ಹುಡುಗರು ಲೈಬ್ರರಿಗೆ ಬಂದು ಕುರ್ಚಿ ಎಳೆಯುವಾಗಲೂ ಅದನ್ನೇ ಹೇಳಿ ನಗುತ್ತಿದ್ದರು.

ಆಮೇಲೆ ಮೂರು ವರ್ಷಕ್ಕೆ ಗಾಳಿ ತಿರುಗಿತು. ಎಲ್ಲೆಲ್ಲಿಯದೋ ಅಭಿಮಾನಿಗಳು ಐದನೇ ಭಾಗ ಕೆಟ್ಟದ್ದಲ್ಲ, ನಾವೇ ತಪ್ಪಾಗಿ ನೋಡಿದೆವು ಎಂದು ಬರೆಯತೊಡಗಿದರು. ಮಂಜುಳಾ ಮಾತ್ರ ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದಳು. ನಾವು ಆಕೆಯ ಮಾತು ಮುಗಿಯಲು ಬಿಟ್ಟಿರಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ನಾಲ್ವರೂ ಕೂತು, ಮಳೆಗಾಲದಲ್ಲಿ ಐದರಿಂದ ಎಂಟರವರೆಗೆ ಎಲ್ಲವನ್ನೂ ಮತ್ತೆ ನೋಡಿ ಹೊಸದಾಗಿ ಮಾತಾಡೋಣ ಎಂದು ಗೊತ್ತು ಮಾಡಿದೆವು. ಜೂನ್‌ನ ಮೂರನೇ ರವಿವಾರ ಐದನೆಯದು.

ಅದರ ಹಿಂದಿನ ಗುರುವಾರ, ಸಂಜೆ ನಾಲ್ಕೂವರೆಗೆ, ಬೈಕಿನಲ್ಲಿ ಮನೆಗೆ ಹೊರಟಿದ್ದಾಗ ಇರ್ಫಾನನ ಫೋನು ಬಂತು.

"ಬಸಣ್ಣ, ಮೊದಲ ಗಾಡಿ ನಿಂದರಿಸು. ಅಕ್ಕಾರು ಜೀವಂತ ಅದಾರ. ಆರಾಮ ಅದಾರ. ಈಗ ಹೇಳ್ತೇನಿ, ಕೇಳು."

ಜೀವಂತ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನು ಮುಂದೆ ಹೇಳಿದ್ದು ನನಗೆ ಪೂರ್ತಿ ಕೇಳಿಸಲಿಲ್ಲ.

ಅಕ್ಕ ಎಂದರೆ ನನ್ನ ಗಿರಿಜಕ್ಕ. ನನಗಿಂತ ಏಳು ವರ್ಷ ದೊಡ್ಡವಳು. ಮದುವೆ ಬೇಡವೆಂದು ತಾನೇ ಗಟ್ಟಿಯಾಗಿ ಹೇಳಿ, ಸವಣೂರಿನಲ್ಲಿ ಮನೆ ಹಿಡಿದು, ಮುಂದಿನ ಖೋಲಿಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹತ್ತು ಹನ್ನೆರಡು ಹೆಣ್ಣುಮಕ್ಕಳು. ಆಮೇಲೆ ಆಕೆ ಒಬ್ಬಳೇ. ಆ ದಿನ ಎರಡು ಗಂಟೆಗೆ ಮಷಿನ್ ರಿಪೇರಿಯವನೆಂದು ಒಬ್ಬ ಬಂದ. ಒಂದು ಮಷಿನ್ ಕೆಟ್ಟಿದ್ದೂ ನಿಜ. ಒಳಗೆ ಕರೆದಳು. ಅವನು ಕೂತು ಎಣ್ಣೆ ಬಿಟ್ಟ, ಗಾಲಿ ತಿರುಗಿಸಿದ, ಕುಡಿಯಲು ನೀರು ಕೇಳಿದ. ಆಕೆ ತಂಬಿಗೆ ತಂದು ನೋಡುವಷ್ಟರಲ್ಲಿ ಬಾಗಿಲಿಗೆ ಅಗಳಿ ಬಿದ್ದಿತ್ತು, ಅರಿವೆ ಕತ್ತರಿಸುವ ದೊಡ್ಡ ಕತ್ತರಿ ಅವನ ಕೈಯಲ್ಲಿತ್ತು.

ಸರ, ಬಳೆ ತೆಗೆದುಕೊಳ್ಳಲು ಅವನಿಗೆ ಐದು ನಿಮಿಷ ಸಾಕಾಯಿತು. ಆದರೆ ಅಷ್ಟರಲ್ಲಿ ಜೋರು ಮಳೆ ಹಿಡಿಯಿತು. ಅಕ್ಕನ ಮನೆಯ ಮುಂದಿನ ತಗಡಿನ ಕೆಳಗೆ ಯಾರೋ ಇಬ್ಬರು ಹೆಂಗಸರು, ಒಬ್ಬ ಕಾಯಿಪಲ್ಲೆ ಗಾಡಿಯವ ಬಂದು ನಿಂತರು. ಅವನಿಗೆ ಹೊರಗೆ ಹೋಗಲಾಗಲಿಲ್ಲ. ಬಾಗಿಲಿನ ಆಚೆ ಅವರು ಹಸಿಮೆಣಸಿನಕಾಯಿ ತುಟ್ಟಿಯಾದದ್ದನ್ನು ಮಾತಾಡುತ್ತಿದ್ದರು. ಈಚೆ ಅವನು ಕತ್ತರಿ ಹಿಡಿದು ಅಕ್ಕನ ಮುಂದೆ ಕೂತಿದ್ದ. ಮಾತಿಲ್ಲ. ಎರಡು ತಾಸು. ಮಳೆ ನಿಂತು ಜನ ಹೋದ ಮೇಲೆ ಅವನೇ ಬಾಗಿಲು ತೆಗೆದು, "ಬರ್ತೇನ್ರಿ ಅಕ್ಕಾರ" ಎಂದು ಓಣಿಗೆ ಕೇಳುವಂತೆ ಹೇಳಿ ನಡೆದುಹೋದನಂತೆ.

ಮೈಮೇಲೆ ಒಂದು ಗಾಯವಿರಲಿಲ್ಲ. ಪೊಲೀಸರು ಬರೆದುಕೊಂಡರು. ಆ ಸಂಜೆಯೇ ಅಕ್ಕನನ್ನು ಹಾನಗಲ್ಲಿಗೆ ಕರೆದುಕೊಂಡು ಬಂದೆ. ಬಂದು ಹೋದವರೆಲ್ಲ ಒಂದೇ ಮಾತು ಹೇಳಿದರು. ಬಂಗಾರ ಹೋದರೆ ಹೋಗಲಿ, ಜೀವ ಉಳಿಯಿತಲ್ಲ, ಮರೆತುಬಿಡು. ನಾನೂ ಹೇಳಿದೆ. ಒಂದಲ್ಲ, ಹತ್ತು ಸಲ ಹೇಳಿದ್ದೇನೆ. ಅಕ್ಕ ಹೂಂ ಎನ್ನುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದಳು, ನನ್ನ ಹೆಂಡತಿ ಸುಮಾಳ ಜಂಪರ್ ಕೈಯಿಂದಲೇ ಹೊಲಿದುಕೊಟ್ಟಳು. ಮಷಿನ್ ಮುಟ್ಟಲಿಲ್ಲ. ಆಕೆ ಆರಾಮಾದಳೆಂದು ನಾನು ನಂಬಿದೆ, ಅಥವಾ ನಂಬಲು ಇಷ್ಟಪಟ್ಟೆ.

ಸುಮಾ ಶಾಲೆಗೆ ಹೋಗುತ್ತಾಳೆ, ನಾನು ಕಾಲೇಜಿಗೆ. ಮಧ್ಯಾಹ್ನ ಅಕ್ಕ ಒಬ್ಬಳೇ. ಜುಲೈನ ಒಂದು ದಿನ ಕಪಾಟಿನ ಕೀಲಿ ಮರೆತು ಮನೆಗೆ ಬಂದೆ. ಎರಡು ಮುಕ್ಕಾಲು ಇರಬೇಕು. ಮಳೆ ಆನೆಕೆರೆಯ ಕಡೆಯಿಂದ ಕಪ್ಪಾಗಿ ಬರುತ್ತಿತ್ತು. ಬಾಗಿಲು ತಟ್ಟಿದೆ. ಎಷ್ಟು ಹೊತ್ತಾದರೂ ಉತ್ತರವಿಲ್ಲ. ಮತ್ತೆ ತಟ್ಟಿದೆ.

"ಯಾರು?"

"ನಾನ ಅಕ್ಕಾ."

"ನಾನ ಅಂದ್ರ ಯಾರು?"

"ಬಸು. ಬಾಗಲಾ ತಗಿ."

ಒಳಗಿನಿಂದ ಗಡಸು ದನಿ ಬಂತು. ಅಂಥ ದನಿ ಆಕೆಯದಾಗಿ ನಾನು ಎಂದೂ ಕೇಳಿರಲಿಲ್ಲ.

"ಅಪ್ಪನ ಸೈಕಲ್ಲು ಯಾವ ಬಣ್ಣ ಇತ್ತು?"

"ಏನಕ್ಕಾ ಇದು?"

"ಹೇಳು."

"ಹಸರು. ಹಿಂದಿನ ಮಡ್‌ಗಾರ್ಡ್ ಕೆಂಪು."

ಒಳಗೆ ಏನೋ ಭಾರವಾದದ್ದು ನೆಲಕ್ಕೆ ಉಜ್ಜುತ್ತಾ ಸರಿಯಿತು. ಮತ್ತೊಂದು ಸರಿಯಿತು. ಬಾಗಿಲು ತೆರೆದಾಗ ಕಂಡದ್ದು ಹಾಸಿಗೆ ಇಡುವ ಟ್ರಂಕು, ಅದರ ಪಕ್ಕಕ್ಕೆ ಮೂರು ಕುರ್ಚಿ. ಅಕ್ಕನ ಸೆರಗು ಬೆವರಿನಿಂದ ಒದ್ದೆಯಾಗಿತ್ತು. ಆ ಕುರ್ಚಿಗಳನ್ನು ಕಂಡ ಕೂಡಲೇ ನನ್ನ ತುಟಿ ತನ್ನಷ್ಟಕ್ಕೆ ಸ್ವಲ್ಪ ಅಲುಗಿತು. ನಗೆಯೆಂದು ಹೇಳಲಾರೆ, ಹಳೆಯ ರೂಢಿ. ಅಕ್ಕ ಅದನ್ನು ನೋಡಿಬಿಟ್ಟಳು.

"ನಗು," ಎಂದಳು. "ಮದುವಿಗೆ ಸಾಕಾಗುವಷ್ಟು ಕುರ್ಚಿ ಇಲ್ಲ ನಿಮ್ಮ ಮನ್ಯಾಗ."

ಆಕೆ ನನ್ನ ವಿಡಿಯೋ ನೋಡಿದ್ದಾಳೆಂದೇ ನನಗೆ ಗೊತ್ತಿರಲಿಲ್ಲ. ನೋಡಿದ್ದಳು, ತಮ್ಮನ ಮಾತು ಇಷ್ಟು ಮಂದಿ ಕೇಳಿದ್ದಾರೆಂದು ಹೆಮ್ಮೆಯಿಂದ ಹೊಲಿಗೆ ಕ್ಲಾಸಿನ ಎಲ್ಲರಿಗೂ ಕಳಿಸಿದ್ದಳು. ಎಲ್ಲರೂ ಕೂಡಿ ನಕ್ಕಿದ್ದರಂತೆ, ಅಕ್ಕನೂ.

"ದಿನಾ ಹಿಂಗ ಮಾಡ್ತಿ ಏನಕ್ಕಾ?"

"ಎರಡು ಹೊಡದ ಕೂಡ್ಲೆ. ನಾಲ್ಕರ ತನಕ. ಸುಮಾ ಬರೂದರಾಗ ಮತ್ತ ಎಲ್ಲಾ ಜಾಗಾಕ್ಕ ಇಡ್ತೇನಿ."

"ನನ್ನ ಮುಂದ ಯಾಕ ಹೇಳ್ಲಿಲ್ಲ?"

ಅಕ್ಕ ಟ್ರಂಕನ್ನು ಗೋಡೆಗೆ ದೂಡುತ್ತಾ ಹೇಳಿದಳು: "ನೀ ಇಂಥಾವ್ರನ್ನ ನೋಡಿ ನಗಾವ ಅಂತ ಗೊತ್ತಿತ್ತಲ್ಲೋ."

ಆ ದಿನದಿಂದ ನನಗೆ ಲೈಬ್ರರಿಯಲ್ಲಿ ಕೂರಲಾಗಲಿಲ್ಲ. ಗೋಡೆ ಗಡಿಯಾರ ಎರಡು ತೋರಿಸಿದರೆ ಸಾಕು, ಟ್ರಂಕು ಸರಿಯುವ ಸದ್ದು ಕೇಳಿದಂತಾಗುತ್ತಿತ್ತು. ಫೋನು ಮಾಡಿದರೆ ಅಕ್ಕ ಬೆಚ್ಚುತ್ತಾಳೆ, ಮಾಡದಿದ್ದರೆ ನನ್ನ ಜೀವ ನಿಲ್ಲುವುದಿಲ್ಲ. ಕೊನೆಗೆ ಸುಮಾ ಒಂದು ದಾರಿ ಹುಡುಕಿದಳು. ಎರಡೂವರೆಗೆ ಒಂದು ಮೆಸೇಜು ಕಳಿಸುವುದು, ಅಕ್ಕ ತಿರುಗಿ ಒಂದು ಚುಕ್ಕೆ ಕಳಿಸುವುದು. ಆ ಚುಕ್ಕೆ ಬರುವವರೆಗೆ ಪುಸ್ತಕಗಳ ಮೇಲೆ ಹಾಕುವ ಮೊಹರು ಅಡ್ಡಾದಿಡ್ಡಿ ಬೀಳುತ್ತಿತ್ತು. ಹುಡುಗರು ಏನಾದರೂ ಕೇಳಿದರೆ ರೇಗುತ್ತಿದ್ದೆ. ಒಂದು ದಿನ ಕರೆಂಟು ಹೋಗಿ ನೆಟ್‌ವರ್ಕ್ ಇಲ್ಲದೆ ಚುಕ್ಕೆ ಬರಲಿಲ್ಲ. ಲೈಬ್ರರಿ ತೆರೆದೇ ಬಿಟ್ಟು ಮಳೆಯಲ್ಲಿ ಮನೆಗೆ ಓಡಿದೆ. ಅಕ್ಕ ಸೈಕಲ್ಲಿನ ಬಣ್ಣ ಕೇಳಿದಳು, ಹೇಳಿದೆ. ಆಕೆ ಬಾಗಿಲು ತೆಗೆದಾಗ ಒಳಗೆ ಹೋಗಿ ಟ್ರಂಕನ್ನು ನಾನೇ ಗೋಡೆಗೆ ದೂಡಿದೆ.

ನಾವು ಗೊತ್ತು ಮಾಡಿದ್ದ ರವಿವಾರ ತಪ್ಪಿಹೋಗಿತ್ತು. ಜುಲೈ ಕೊನೆಗೆ ಸವಣೂರಿಗೆ ಹೋಗಿ ಮೂವರಿಗೂ ಎಲ್ಲ ಹೇಳಿದೆ. ಆ ವಿಡಿಯೋ ಅಳಿಸಿಬಿಡೋಣ ಎಂದೆ. ಪ್ರಹ್ಲಾದ ಕೂಡಲೇ ಒಪ್ಪಿದ. ಇರ್ಫಾನ್ ಒಪ್ಪಲಿಲ್ಲ.

"ಅಕ್ಕಾರ ಸಂಕಟ ಬ್ಯಾರೆ, ಸಿನಿಮಾ ಬ್ಯಾರೆ ಬಸಣ್ಣ. ಅಕ್ಕಾರ ಸಲುವಾಗಿ ನಾ ಏನು ಬೇಕಾದ್ರೂ ಮಾಡ್ತೇನಿ. ಆದ್ರ ಐದನೇದು ಬೋರ್ ಐತಿ ಅಂದ್ರ ಬೋರ್ ಐತಿ."

ಮಂಜುಳಾ ಇಷ್ಟು ಹೊತ್ತು ಒದ್ದೆ ವೇಲು ಹಿಂಡುತ್ತಾ ಕೂತಿದ್ದವಳು ಮುಖ ಎತ್ತಿದಳು.

"ಅಳಿಸಬ್ಯಾಡ್ರಿ. ಅಳಿಸಿದ್ರ ಅದನ್ನ ಯಾರೂ ಅಂದಾ ಇಲ್ಲ ಅನ್ನಂಗ ಆಗ್ತೈತಿ. ಮತ್ತ ನೋಡ್ರಿ, ಮತ್ತ ಹೇಳ್ರಿ." ಆಮೇಲೆ, "ನನಗ ಆ ಸಿನಿಮಾ ಯಾಕ ಸೇರ್ತೈತಿ ಅಂತ ಇಷ್ಟ ವರ್ಷದಾಗ ನೀವು ಮೂರೂ ಮಂದಿ ಒಮ್ಮೆನೂ ಕೇಳಿಲ್ಲ" ಎಂದಳು.

ನಿಜ. ನಾವು ಕೇಳಿರಲಿಲ್ಲ. ಆಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದ ಮೇಲೆ ಒಬ್ಬ ಕುಡುಕ ಪ್ಯಾಸೆಂಜರ್ ಆಕೆಯ ಟಿಕೆಟ್ ಚೀಲದ ಪಟ್ಟಿಯನ್ನು ಕುತ್ತಿಗೆಗೆ ಸುತ್ತಿ ಎಳೆದನಂತೆ. ಡ್ರೈವರ್ ಓಡಿ ಬಂದು ಬಿಡಿಸಿದ. ಎಲ್ಲ ಸೇರಿ ಒಂದು ನಿಮಿಷದ ಮಾತು. ಆಮೇಲೆ ಒಂದು ವರ್ಷ ಆಕೆ ಬಸ್ಸಿನಲ್ಲಿ ಬೆನ್ನು ಯಾರಿಗೂ ತೋರಿಸದೆ, ಹಿಂದಿನ ಸೀಟಿನಿಂದ ಮುಂದಕ್ಕೆ ಟಿಕೆಟ್ ಕೊಡುತ್ತಾ ಬಂದಳಂತೆ.

"ಮಾರ್ತಾ ಲಾಂಡ್ರ್ಯಾಗ ಗ್ವಾಡಿಗೆ ಬೆನ್ನು ಹಚ್ಚಿ ಅರಿವಿ ಮಡಚ್ತಾಳಲ್ರಿ? ಅದನ್ನ ನೋಡಿ ನಾ ಅತ್ತಿದ್ದೆ. ನೀವು ನಗಾಕತ್ತಿದ್ರಿ."

ಇರ್ಫಾನ್ ಎದ್ದು ಟಿವಿ ಹಚ್ಚಿದ.

ಆ ಮಧ್ಯಾಹ್ನ ನೋಡಿದ್ದು ಅದೇ ಸಿನಿಮಾ. ಮಾರ್ತಾ ಬಸ್ ಸ್ಟಾಪಿನಿಂದ ಮನೆಗೆ ನಡೆದು ಬರುವ ಉದ್ದನೆಯ ದೃಶ್ಯವನ್ನು ನಾನು ನಿದ್ದೆ ಮಾತ್ರೆ ಎಂದು ಹೀಯಾಳಿಸಿದ್ದೆ. ಈಗ ಅದೇ ದೃಶ್ಯವನ್ನು ಕಣ್ಣು ಕೀಳದೆ ನೋಡಿದೆ. ಆಕೆ ಒಂದು ಕಡೆ ನಿಂತು, ಚಪ್ಪಲಿ ಸರಿ ಮಾಡಿಕೊಳ್ಳುವವಳಂತೆ ಬಗ್ಗಿ, ಹಿಂದೆ ನೋಡುತ್ತಾಳೆ. ಮೊದಲು ನೋಡಿದಾಗ ನನಗದು ಕಂಡೇ ಇರಲಿಲ್ಲ. ಚಪ್ಪಲಿ ಮಾತ್ರ ಕಂಡಿತ್ತು. ನಡುವೆ ಎರಡು ಸಲ ಹೊರಗೆ ಹೋಗಿ ಮನೆಗೆ ಫೋನು ಮಾಡಿದೆ. ಸುಮಾ ಮನೆಯಲ್ಲೇ ಇದ್ದಳು, ರವಿವಾರ. ಆದರೂ ಮಾಡಿದೆ.

ಸಂಜೆ ಅಕ್ಕ ಕೇಳಿದಳು.

"ನೋಡಿದ್ರೇನು?"

"ಹೂಂ."

"ನಕ್ಕರೇನು?"

"ಇಲ್ಲಕ್ಕಾ."

ಬೆಳ್ಳುಳ್ಳಿ ಸುಲಿಯುತ್ತಾ, "ನನಗೂ ತೋರಸು" ಎಂದಳು.

ನಾನು ಬೇಡವೆಂದೆ. ಚಾಕು, ರಕ್ತ, ಆಕೆಯ ಮನಸ್ಸಿಗೆ ಏನಾದರೂ ಆದರೆ? ಹತ್ತು ದಿನ ಮುಂದೂಡಿದೆ. ಅಕ್ಕ ಬಿಡಲಿಲ್ಲ. ಮಂಜುಳಾಗೆ ಫೋನು ಮಾಡಿದೆ. "ಅಕ್ಕಾರನ ಕೇಳ್ರಿ, ಯಾವಾಗ ನೋಡ್ತಾರ ಅಂತ. ಅವರು ಹೇಳಿದ ಹೊತ್ತಿಗೆ ನಾನೂ ಬಂದು ಬಾಜೂಕ ಕುಂದರ್ತೇನಿ" ಎಂದಳು. ಅಕ್ಕ ಹೊತ್ತು ಹೇಳಿದಳು. ರವಿವಾರ, ಮಧ್ಯಾಹ್ನ ಎರಡಕ್ಕೆ.

ಆಗಸ್ಟ್ ಎರಡನೇ ರವಿವಾರ ಮೂವರೂ ಹಾನಗಲ್ಲಿಗೆ ಬಂದರು. ಇರ್ಫಾನ್ ತಿನ್ನಲು ಸವಣೂರು ಖಾರಾದ ಪೊಟ್ಟಣ ತಂದಿದ್ದ, ಯಾರೂ ಬಿಚ್ಚಲಿಲ್ಲ. ನನ್ನ ಕಣ್ಣು ಟಿವಿಯ ಮೇಲಿರಲಿಲ್ಲ, ಅಕ್ಕನ ಕೈಗಳ ಮೇಲಿತ್ತು. ಸೀರೆಯ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಮಾರ್ತಾ ಗ್ಯಾಸ್ ತಂದವನಿಗೆ ಬಾಗಿಲು ತೆಗೆಯುವ ದೃಶ್ಯ ಬಂದಾಗ "ನಿಂದರಸು" ಎಂದಳು. ಒಳಗೆ ಹೋಗಿ ನೀರು ಕುಡಿದು ಬಂದು ಕೂತಳು. "ಹಚ್ಚು." ಹೀಗೆ ಮೂರು ಸಲ. ಮೂರನೇ ಸಲ ಆಕೆ ಒಳಗಿನಿಂದ ಬರಲು ತಡವಾದಾಗ ನಾನು ಎದ್ದೆ. ಮಂಜುಳಾ ನನ್ನ ಅಂಗಿ ಹಿಡಿದು ಕೂರಿಸಿದಳು. ಅಕ್ಕ ಮುಖ ತೊಳೆದುಕೊಂಡು ಬಂದಳು.

ಸಿನಿಮಾ ಮುಗಿದ ಮೇಲೆ ಮಾತನ್ನು ಅಕ್ಕನೇ ಶುರು ಮಾಡಿದಳು.

"ತಪ್ಪು ಅದಾವ ಇದರಾಗ. ಎಲ್ಲಾ ರಾತ್ರಿ ತೋರಸ್ಯಾರ. ಮಧ್ಯಾಹ್ನ ತೋರಸ್ಬೇಕಿತ್ತು. ಹಗಲಾಗ ಎಲ್ಲಾರೂ ತಂತಮ್ಮ ಕೆಲಸದಾಗ ಇರ್ತಾರ. ಆಮ್ಯಾಲ, ಆಕಿಗೆ ಒಬ್ರೂ ಮರತುಬಿಡು ಅನ್ನಂಗಿಲ್ಲ. ಅದ್ಯಾವ ಊರೋ ಏನೋ, ಭಾಳ ಚಲೋ ಊರು."

ಪ್ರಹ್ಲಾದ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಆಗ ಇರ್ಫಾನ್, ಇಡೀ ಮಧ್ಯಾಹ್ನ ತುಟಿ ಬಿಚ್ಚದವನು, ಕೈ ಮುಗಿದಂತೆ ಮಾಡಿ ಹೇಳಿದ: "ಅಕ್ಕಾರ, ಸುಳ್ಳು ಹೇಳಾಂಗಿಲ್ರಿ. ನನಗ ಈಗೂ ಬೋರ್ ಆತ್ರಿ."

ಅವನನ್ನು ಹೊಡೆಯಬೇಕೆನಿಸಿತು ನನಗೆ. ಆದರೆ ಅಕ್ಕ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ, ಬಾಯಿಗೆ ಸೆರಗು ಹಿಡಿದು, ಭುಜ ಕುಣಿಯುವಂತೆ ನಕ್ಕಳು.

"ನನಗೂ ಆತೋ ತಮ್ಮಾ. ಅಂಜಿಕಿ ಹಂಗ ಬೋರ್ ಇರ್ತೈತಿ. ದಿನಾ ಅದ ಚಿಲಕಾ, ಅದ ಟ್ರಂಕು. ಸಾಕಾಗಿ ಹೋಗೇತಿ ನನಗ."

ಹೇಳುತ್ತಾ ಹೇಳುತ್ತಾ ಆ ನಗೆ ಅಳುವಾಯಿತು. ಮಂಜುಳಾ ಹತ್ತಿರ ಸರಿದು ಬೆನ್ನ ಮೇಲೆ ಕೈ ಇಟ್ಟಳು. ನಾವು ಮೂರು ಮಂದಿ ಗಂಡಸರು ಚಹಾದ ನೆವ ಮಾಡಿ ಅಡುಗೆಮನೆಗೆ ಹೋಗಿ ಒಬ್ಬರ ಮುಖ ಒಬ್ಬರು ನೋಡದೆ ನಿಂತೆವು.

ಹೊರಡುವಾಗ ಅಕ್ಕ ಕೇಳಿದಳು: "ಮುಂದಿನ ಐತವಾರ ಆರನೇದೇನು?"

ನಾಲ್ವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆರನೇ ಭಾಗ ಶುರುವಾದ ಹತ್ತು ನಿಮಿಷದೊಳಗೆ ಮಾರ್ತಾಳನ್ನು ಕೊಲ್ಲುತ್ತಾರೆ. ಐದನೆಯದಕ್ಕೆ ಜನ ಬೈದರೆಂದು ಸಿನಿಮಾದವರು ಆಕೆಯನ್ನು ಹಾಗೆ ಮುಗಿಸಿ ಹೊಸ ಹುಡುಗರನ್ನು ತಂದಿದ್ದರು. ಬೈದವರಲ್ಲಿ ನಾನೂ ಒಬ್ಬ. ಇರ್ಫಾನ್ ತನಗೆ ಒಂದು ಮದುವೆ ಇದೆ ಎಂದ. ಪ್ರಹ್ಲಾದ ಕೇಸು ಬಹಳ ಇವೆ ಎಂದ. "ನೋಡೂಣು ಬಿಡಕ್ಕಾ" ಎಂದು ನಾನು ಮಾತು ಮರೆಸಿದೆ.

ಅದಾದ ನಾಲ್ಕನೇ ದಿನ ಪೊಲೀಸರ ಫೋನು ಬಂತು. ಒಬ್ಬನನ್ನು ಹಿಡಿದಿದ್ದರು. ಹಾವೇರಿಯ ಜೈಲಿನಲ್ಲಿ ಗುರುತು ಹಿಡಿಯುವ ಪರೇಡು, ಎರಡು ವಾರದ ನಂತರ. ಅಕ್ಕ ಹೋಗಬೇಕು. ಪ್ರಹ್ಲಾದ ಶಿಗ್ಗಾವಿಯಿಂದ ಬಂದು ಎದುರಿಗೆ ಕೂತು ಬಿಡಿಸಿ ಹೇಳಿದ.

"ಅವನಂಗ ಮೈಕಟ್ಟಿರೋ ಹತ್ತು ಮಂದೀನ ಸಾಲಾಗಿ ನಿಲ್ಲಿಸಿರ್ತಾರಕ್ಕಾ. ತಹಶೀಲ್ದಾರ್ ಸಾಹೇಬರು ಅಲ್ಲೇ ಇರ್ತಾರ. ಗುರುತು ಹತ್ತಿದ್ರ ತೋರಸೂದು. ಹತ್ತಲಿಲ್ಲಂದ್ರ ಇಲ್ಲ ಅನ್ನೂದು. ಅದ್ರಾಗ ನಿಮ್ಮ ತಪ್ಪೇನೂ ಇರೂದಿಲ್ಲ."

"ಅವಾ ನನ್ನ ನೋಡ್ತಾನೇನು?"

ಕೋರ್ಟಿನ ಮಾತಿನಲ್ಲಿ ಪ್ರಹ್ಲಾದ ಸುಳ್ಳು ಹೇಳುವವನಲ್ಲ. "ನೋಡ್ತಾನಕ್ಕಾ" ಎಂದ.

"ನಾ ತಪ್ಪಿ ಬ್ಯಾರೇದಾವನ್ನ ತೋರಿಸಿದ್ರ?"

ಪ್ರಹ್ಲಾದ ಪರೇಡಿನ ನೋಟೀಸು ತೆಗೆದು ಮತ್ತೊಮ್ಮೆ ಓದತೊಡಗಿದ.

ಆ ಎರಡು ವಾರ ಮಳೆ ಒಂದು ದಿನವೂ ಬಿಡಲಿಲ್ಲ. ಗದ್ದೆಗಳಲ್ಲಿ ನೀರು ನಿಂತು ರಸ್ತೆಗೆ ಹರಿಯುತ್ತಿತ್ತು. ಅಕ್ಕನ ಊಟ ಅರ್ಧ ರೊಟ್ಟಿಗೆ ಇಳಿಯಿತು. ಬಾಗಿಲಿಗೆ ಟ್ರಂಕು ಆನಿಸುವುದು ಎರಡರಿಂದ ನಾಲ್ಕಿದ್ದದ್ದು ಒಂದರಿಂದ ಐದಾಯಿತು. ಒಂದು ಮುಂಜಾನೆ, ತನಗೆ ಅವನ ಮುಖವೇ ನೆನಪಾಗುತ್ತಿಲ್ಲ, ಪ್ಲಾಸ್ಟರ್ ಮುಖವಾಡವೇ ಕಾಣುತ್ತದೆ ಎಂದಳು. ಸಿನಿಮಾ ತೋರಿಸಿ ನಾನೇ ಕೆಡಿಸಿದೆನೇ? ಗುರುತು ಹತ್ತದೆ ಅವನನ್ನು ಬಿಟ್ಟುಬಿಟ್ಟರೆ? ಅವನಿಗೆ ಸವಣೂರಿನ ಮನೆ ಗೊತ್ತು. ಸುಮಾಳಿಗೂ ಹೇಳದೆ ಬಾಗಿಲಿಗೆ ಇನ್ನೊಂದು ಚಿಲಕ ತಂದು ಕೂರಿಸಿದೆ.

ಹೋಗುವ ದಿನ ಪ್ರಹ್ಲಾದ ಕಾರು ತಂದ. ಮಂಜುಳಾ ರಜೆ ಹಾಕಿ ಬಂದಿದ್ದಳು. ಜೈಲಿನ ಬಾಗಿಲಲ್ಲಿ ಅಕ್ಕನೊಬ್ಬಳನ್ನೇ ಒಳಗೆ ಕರೆದರು. ಆಕೆ ಒಮ್ಮೆ ತಿರುಗಿ ನನ್ನನ್ನು ನೋಡಿದಳು; ನಾನು ಹೋಗು ಎಂಬಂತೆ ತಲೆ ಆಡಿಸಿದೆ. ನಲವತ್ತು ನಿಮಿಷ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಒಳಗಿನಿಂದ ಯಾರಾದರೂ ಕೂಗಿದರೆ ಕೇಳಿಸಲಿಕ್ಕಿಲ್ಲವೆಂಬ ಯೋಚನೆಯೊಂದು ಹೊಕ್ಕು ನನ್ನನ್ನು ಬಿಡಲೇ ಇಲ್ಲ. ಮಂಜುಳಾ ಬೆಂಚಿನ ಮೇಲೆ ಕೂತು ಹೋಗಿ ಬರುವವರನ್ನು ಬೆರಳಲ್ಲಿ ಎಣಿಸುತ್ತಿದ್ದಳು.

ಅಕ್ಕ ಹೊರಗೆ ಬಂದಳು. ನಡಿಗೆ ನೆಟ್ಟಗಿತ್ತು. ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಆಕೆಯೇ ಹೇಳಿದಳು.

"ನಾಲ್ಕನೇದವ. ನೋಡಿದ ಕೂಡ್ಲೆ ಗುರ್ತು ಹತ್ತೀತು. ಮೂರು ಸಲ ತಿರುಗಾ ನಿಲ್ಲಿಸಿ ಕೇಳಿದ್ರು. ಮೂರೂ ಸಲ ತೋರಿಸಿದೆ." ಆಮೇಲೆ, ತನಗೇ ನಂಬಿಕೆ ಬರದವಳಂತೆ, "ಭಾಳ ಸಣ್ಣವ ಅದಾನೋ ಬಸು. ನನ್ನ ಭುಜಕ್ಕ ಬರ್ತಾನ" ಎಂದಳು.

ಮಂಜುಳಾ ಆಕೆಯ ಕೈ ಹಿಡಿದುಕೊಂಡಳು. ಹಾನಗಲ್ ದಾರಿಯಲ್ಲಿ ಕಾರಿನ ಗಾಜಿನ ಮೇಲೆ ವೈಪರ್ ಅತ್ತಿತ್ತ ಹೋಗುತ್ತಿತ್ತು. ಅಕ್ಕ ಮಲಗಿದಳೇನೋ ಎಂದುಕೊಂಡೆ.

"ಆರನೇದು ಯಾಕ ತೋರಸವಲ್ಲಿ ನನಗ?"

ಪ್ರಹ್ಲಾದ ಕನ್ನಡಿಯಲ್ಲಿ ನನ್ನನ್ನು ನೋಡಿದ. ಇವತ್ತೊಂದು ದಿನ ಏನಾದರೂ ನೆವ ಹೇಳಿ ದಾಟಿಸಬಹುದಿತ್ತು. ಆದರೆ ಈಗಷ್ಟೇ ಹತ್ತು ಮಂದಿಯ ಮುಂದೆ ನಡೆದುಬಂದವಳಿಗೆ ನಾನು ನೆವ ಹೇಳುವುದೆಂತು?

"ಅದರಾಗ ಆಕಿನ್ನ ಕೊಂದುಬಿಡ್ತಾರಕ್ಕಾ. ಶುರುವಿಗೇ. ಹತ್ತು ನಿಮಿಷದಾಗ."

ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಮಾರ್ತಾನ್ನ?"

"ಹೂಂ."

"ಐದನೇದರಾಗ ಇಷ್ಟೆಲ್ಲಾ ಪಾರಾಗಿ ಬಂದಾಕಿನ್ನ?"

"ಹೂಂ ಅಕ್ಕಾ."

"ಸುಳ್ಳು," ಎಂದಳು ಅಕ್ಕ. ದನಿ ಏರಿಸಲಿಲ್ಲ. ಹೊಲಿಗೆ ಕ್ಲಾಸಿನಲ್ಲಿ ಯಾರಾದರೂ ಅಳತೆ ತಪ್ಪಿದರೆ ಹೇಳುವ ಹಾಗೆ ಹೇಳಿದಳು. "ಸುಳ್ಳು ತಗದಾರ ಅವರು. ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಮೊದಲು ನಕ್ಕವಳು ಮಂಜುಳಾ. "ಆತ್ರಿ ಅಕ್ಕಾರ, ಹಿಡಿಯೂದಿಲ್ಲ" ಎಂದಳು.

ಕೇಸು ಇನ್ನೂ ನಡೆದಿದೆ. ಅಕ್ಕ ದಸರೆ ಮುಗಿಸಿಕೊಂಡು ಸವಣೂರಿಗೆ ಹೋದಳು. ಕ್ಲಾಸನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಬದಲಿಸಿದಳು. ಒಂದರಿಂದ ಐದರವರೆಗೆ ಮನೆ ತುಂಬ ಹೆಣ್ಣುಮಕ್ಕಳು, ಹನ್ನೆರಡು ಮಷಿನುಗಳ ಸದ್ದು. ಕೆಲವು ದಿನ ನಾನು ಮೆಸೇಜು ಮಾಡದಿದ್ದರೂ ಈಗಲೂ ಅಕ್ಕನಿಂದ ಒಂದು ಚುಕ್ಕೆ ಬರುತ್ತದೆ, ಆಗ ನಾನು ಏನೂ ಕೇಳದೆ ಸವಣೂರಿನ ಬಸ್ಸು ಹತ್ತುತ್ತೇನೆ. ನನ್ನ ಹಳೆಯ ವಿಡಿಯೋ ಅಳಿಸಲಿಲ್ಲ. ಅದರ ಪಕ್ಕದಲ್ಲೇ ಐದನೆಯದರ ಬಗ್ಗೆ ಹೊಸದನ್ನು ಹಾಕಿದೆವು.

ಅದರಲ್ಲಿ ಮೊದಲ ಹದಿನೈದು ನಿಮಿಷ ಅಕ್ಕನ ದನಿ. ಹಳೆಯದರ ಕಾಲು ಭಾಗದಷ್ಟು ಮಂದಿಯೂ ಅದನ್ನು ನೋಡಿಲ್ಲ. ಆ ಚಳಿಗಾಲದಲ್ಲಿ ಏಳನೆಯದರ, ಎಂಟನೆಯದರ ವಿಡಿಯೋಗಳೂ ಮುಗಿದವು. ಆರು ಎಲ್ಲಿ ಎಂದು ಈಗಲೂ ಯಾರಾದರೂ ಕೆಳಗೆ ಬರೆದು ಕೇಳುತ್ತಾರೆ. ಉತ್ತರ ಬರೆಯುವುದನ್ನು ಅಕ್ಕ ನಮಗ್ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಷಿನ್ ನಿಲ್ಲಿಸಿ, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಾಳೆ: ಆರನೇದು ಬಂದಿಲ್ಲ.